ಅನ್ವಯಿಸುವುದಿಲ್ಲ

ಅರವತ್ತೊಂದನೆಯ ಹಾಳೆಯಲ್ಲಿ ಕಣ್ಣಿಗೆ ಕಾಣುವ ತಪ್ಪೇನೂ ಇರಲಿಲ್ಲ. ಬೆಳಗಿನಿಂದ ಅವನ ನೆಮ್ಮದಿ ಕೆಡಿಸಿದ್ದೂ ಅದೇ. ಹತ್ತು ಪ್ರಶ್ನೆ, ಹತ್ತು ಗುರುತು. ಹತ್ತೂ ಬಲಗಡೆಯ ಒಂದೇ ಸಾಲಿನಲ್ಲಿ, ಒಂದರ ಕೆಳಗೊಂದು, ದಾರ ಹಿಡಿದು ಎಳೆದಷ್ಟು ನೇರವಾಗಿ ಇಳಿದಿದ್ದವು. ಕೆಳಗೆ ಒಟ್ಟು ಅಂಕ ಸೊನ್ನೆ. ಅದರ ಕೆಳಗೆ ಅವನದೇ ಸಹಿ, ಬಸ್ಸಿಗೆ ಹೊತ್ತಾದವನು ಹಾಕಿದಂತೆ ಬಾಲ ಎಳೆದ ಸಹಿ. ಯೋಚಿಸಿ ಉತ್ತರ ಹೇಳಿದವರ ಹಾಳೆ ಹೀಗಿರುವುದಿಲ್ಲ ಎಂಬುದು ಹದಿನೆಂಟು ತಿಂಗಳಲ್ಲಿ ಅವನಿಗೆ ಚೆನ್ನಾಗಿ ಗೊತ್ತಾಗಿತ್ತು. ಗುರುತುಗಳು ಅತ್ತಿತ್ತ ಚೆದುರಿರುತ್ತವೆ, ಒಂದೆರಡು ಕಡೆ ಹೊಡೆದು ತಿದ್ದಿರುತ್ತದೆ, ಎಲ್ಲೋ ಒಂದು ಕಡೆ ರೋಗಿಯ ಬೆರಳಿನ ಎಣ್ಣೆ ಅಂಟಿರುತ್ತದೆ. ಇದು ಮಾತ್ರ ಹೊಸ ಗೋಡೆಯ ಹಾಗೆ ಸ್ವಚ್ಛವಾಗಿತ್ತು. ನಾಲ್ಕು ಗಂಟೆಗೆ ಇನ್ನೂರ ಹದಿನಾಲ್ಕು ಹಾಳೆಗಳನ್ನೂ ಪೆಟ್ಟಿಗೆಗೆ ತುಂಬಿ, ಅಂಟು ಪಟ್ಟಿ ಹಾಕಿ, ಲೆಕ್ಕ ಹಾಕುವವರಿಗೆ ಕಳಿಸಬೇಕಿತ್ತು. ಆಮೇಲೆ ಯಾರೂ ಒಂದು ಚುಕ್ಕೆಯನ್ನೂ ತಿದ್ದುವಂತಿರಲಿಲ್ಲ. ಅವನು ಹಾಳೆಯನ್ನು ಅರವತ್ತು ಮತ್ತು ಅರವತ್ತೆರಡರ ನಡುವೆ ಸೇರಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆಳೆದ.

ಚರ್ಮದ ಆಸ್ಪತ್ರೆಯ ಮೂರನೆಯ ಮಹಡಿಯ ಆ ಕೋಣೆಗೆ ಒಂದು ಮೇಜು, ನಾಲ್ಕು ಕುರ್ಚಿ, ಅರ್ಧ ಮಾತ್ರ ತೆರೆಯುವ ಒಂದು ಕಿಟಕಿ. ಕೆಂಪಾಗಿ ಎದ್ದು ಬೆಳ್ಳಗೆ ಹೊಟ್ಟು ಉದುರುವ ಚರ್ಮರೋಗಕ್ಕೆ ಬಂದ ಹೊಸ ಮುಲಾಮು ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡುವ ಸಂಶೋಧನೆ ಅದು. ನೋಡುವುದು ಎರಡು ಬಗೆ. ಪಕ್ಕದ ಕೋಣೆಯಲ್ಲಿ ಡಾಕ್ಟರು ರೋಗಿಯ ಅಂಗೈಯನ್ನೇ ಅಳತೆ ಮಾಡಿಕೊಂಡು, ಮೈಮೇಲೆ ಎಷ್ಟು ಅಂಗೈಯಷ್ಟು ಜಾಗ ಕೆಟ್ಟಿದೆ ಎಂದು ಎಣಿಸುತ್ತಿದ್ದರು. ಈ ಕೋಣೆಯಲ್ಲಿ ಅವನು ಪ್ರಶ್ನೆ ಕೇಳುತ್ತಿದ್ದ. ಕಳೆದ ಒಂದು ವಾರದಲ್ಲಿ ನಿಮ್ಮ ಚರ್ಮದಿಂದಾಗಿ ನಿಮಗೆ ಎಷ್ಟು ನಾಚಿಕೆಯಾಯಿತು? ಬಟ್ಟೆ ಹಾಕಿಕೊಳ್ಳುವಾಗ ಎಷ್ಟು ಯೋಚಿಸಬೇಕಾಯಿತು? ನಾಲ್ಕು ಜನ ಸೇರುವ ಕಡೆ ಹೋಗಲು ಎಷ್ಟು ತೊಂದರೆಯಾಯಿತು? ತುಂಬಾ ಹೆಚ್ಚು ಎಂದರೆ ಮೂರು, ಹೆಚ್ಚು ಎಂದರೆ ಎರಡು, ಸ್ವಲ್ಪ ಎಂದರೆ ಒಂದು, ಇಲ್ಲವೇ ಇಲ್ಲ ಎಂದರೆ ಸೊನ್ನೆ. ಪ್ರಶ್ನೆ ಕೇಳಿ ಅಂಕ ಕೊಡುತ್ತಾನೆಂದು ಎಲ್ಲರೂ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವನು ಜನ್ಮದಲ್ಲಿ ಒಂದು ದಿನವೂ ಪಾಠ ಹೇಳಿದವನಲ್ಲ. ಇಪ್ಪತ್ತಾರು ವರ್ಷ ಇದೇ ಆಸ್ಪತ್ರೆಯ ಕಡತದ ಕೋಣೆಯಲ್ಲಿ ಧೂಳು ಕುಡಿದವನು. ಮಕ್ಕಳು ಸೊನ್ನೆ ತಗೊಂಡ್ರೆ ಬೆನ್ನು ತಟ್ಟೋ ಮೇಷ್ಟ್ರು ಪ್ರಪಂಚದಲ್ಲಿ ನೀವೊಬ್ರೇ ಎಂದು ನರ್ಸಮ್ಮ ತಿಂಗಳಿಗೊಮ್ಮೆಯಾದರೂ ಹೇಳಿ ನಗುತ್ತಿದ್ದಳು. ಒಂಬತ್ತನೆಯ ಪ್ರಶ್ನೆ ಗಂಡಹೆಂಡಿರ ಒಡನಾಟದ ಕುರಿತದ್ದು. ಅದನ್ನು ಅವನು ಕಿಟಕಿಯ ಕಡೆ ಮುಖ ಮಾಡಿ ಕೇಳುತ್ತಿದ್ದ, ಎದುರಿನ ಕಟ್ಟಡದ ನೀರಿನ ಟ್ಯಾಂಕಿಗೆ ಅದರಿಂದ ಏನೋ ತೊಂದರೆಯಾಗಿದೆಯೇನೋ ಎಂಬಂತೆ. ಜನ ಅವನ ಬೆನ್ನಿಗೆ ಉತ್ತರ ಹೇಳುತ್ತಿದ್ದರು.

ನಾಲ್ಕು ಉತ್ತರಗಳ ಪಕ್ಕದಲ್ಲಿ ದೂರಕ್ಕೆ ಇನ್ನೊಂದು ಚೌಕವಿತ್ತು: ಅನ್ವಯಿಸುವುದಿಲ್ಲ. ಕೆಲಸಕ್ಕೇ ಹೋಗದವರಿಗೆ ಕೆಲಸದ ಪ್ರಶ್ನೆ, ಮದುವೆಯಾಗದವರಿಗೆ ಒಂಬತ್ತನೆಯ ಪ್ರಶ್ನೆ ಬಂದಾಗ ಅದರಲ್ಲಿ ಗುರುತು ಹಾಕಬೇಕು. ಅದಕ್ಕೂ ಸೊನ್ನೆಯೇ. ಆದರೆ ಮೂರಕ್ಕಿಂತ ಹೆಚ್ಚು ಸಲ ಅದೇ ಉತ್ತರ ಬಂದರೆ ನಿಲ್ಲಿಸಿ, ಯಾಕೆ ಅನ್ವಯಿಸುವುದಿಲ್ಲ ಎಂದು ಕೇಳಿ, ಹಾಳೆಯ ಹಿಂಬದಿಯಲ್ಲಿ ಅರ್ಧ ಪುಟ ಅವರ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮೊದಲ ಎರಡು ತಿಂಗಳು ಅವನು ನಿಷ್ಠೆಯಿಂದ ಬರೆದ. ಆಮೇಲೆ ಕೈ ಸೋತಿತು. ಕೈಯೊಂದೇ ಅಲ್ಲ, ಕೇಳಿಸಿಕೊಳ್ಳುವ ಕಿವಿಯೂ ಸೋತಿತು. ಒಬ್ಬಾತ ಅಡುಗೆಮನೆಯಲ್ಲಿ ಒಬ್ಬನೇ ಉಣ್ಣುತ್ತೇನೆ ಎಂದು ಹೇಳಲು ಇಪ್ಪತ್ತು ನಿಮಿಷ ತೆಗೆದುಕೊಂಡ, ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ ಕಾಯುತ್ತಿದ್ದರು. ಆವತ್ತಿನಿಂದ ಅವನು ಒಂದು ಉಪಾಯ ಕಂಡುಕೊಂಡ. ಅನ್ವಯಿಸುವುದಿಲ್ಲ ಎಂಬಲ್ಲಿ ಇಲ್ಲವೇ ಇಲ್ಲ ಎಂದು ಗುರುತು ಹಾಕಿದರಾಯಿತು. ಎರಡಕ್ಕೂ ಸೊನ್ನೆ ತಾನೇ? ಅಂಕದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಅರ್ಧ ಪುಟ ಉಳಿಯಿತು. ಈ ಉಪಾಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದೂ ಅನ್ನಿಸಿರಲಿಲ್ಲ. ತಪ್ಪು ಎಂದು ಅನ್ನಿಸಿದ್ದು ಹೋದ ಬುಧವಾರ, ಅದೂ ಅರವತ್ತೊಂದನೆಯ ಹಾಳೆಯಾಕೆ ಎದ್ದು ಹೋದಮೇಲೆ.

ಆಕೆ ಲೈಬ್ರರಿಯವಳು. ಐವತ್ತೈದರ ಆಸುಪಾಸು, ಬೇಸಗೆಯಲ್ಲೂ ಮಣಿಕಟ್ಟಿನ ತನಕ ತೋಳು. ಮೊದಲ ಸಲ ಬಂದಾಗ ತಾನೇ ಹೇಳಿದ್ದಳು: ದೊಡ್ಡ ಲೈಬ್ರರಿಯ ಕೌಂಟರಿನಲ್ಲಿ ಪುಸ್ತಕ ಕೊಡುವ ಕೆಲಸ, ಕೈಮೇಲೆ ಕಾಣಿಸಿಕೊಂಡಮೇಲೆ ಜನ ಪುಸ್ತಕವನ್ನು ಅಂಚಿನಲ್ಲಿ ಹಿಡಿದುಕೊಂಡು ಹೋಗತೊಡಗಿದರು. ಒಬ್ಬ ಓದುಗ ವಾಪಸು ಕೊಡುವಾಗ ಪೇಪರಿನಲ್ಲಿ ಸುತ್ತಿ ತಂದ. ಯಾರೂ ಒಂದು ಮಾತು ಆಡಲಿಲ್ಲ. ಮೇಲಿನವರು ಆಕೆಗೆ ವಿಶ್ರಾಂತಿ ಇರಲಿ ಎಂದು ನೆಲಮಾಳಿಗೆಯ ರಟ್ಟು ಕಟ್ಟುವ ಕೋಣೆಗೆ ಹಾಕಿದರು. ಅಲ್ಲಿ ಆರು ವರ್ಷ ಇದ್ದು, ಅವಧಿಗೆ ಮೊದಲೇ ಕೆಲಸ ಬಿಟ್ಟು ಒಬ್ಬಳೇ ಇದ್ದಳು. ಇದನ್ನೆಲ್ಲ ಆಕೆ ದೂರಿನಂತೆ ಹೇಳಿರಲಿಲ್ಲ. ರಟ್ಟು ಕಟ್ಟೋದು ಒಳ್ಳೆ ಕೆಲಸ ಸಾರ್, ಪುಸ್ತಕಕ್ಕೆ ನಾವು ಹೊಸ ಚರ್ಮ ಹಾಕ್ತೀವಲ್ಲ ಎಂದು ನಕ್ಕಿದ್ದಳು. ಹೋದ ಬುಧವಾರ ಕೊನೆಯ ಭೇಟಿ. ತುರಿಕೆ ಇದೆಯೇ ಎಂದರೆ ಈಗ ಇಲ್ಲ ಎಂದಳು, ಅದು ನಿಜ, ಮುಲಾಮು ಅಷ್ಟು ಮಾಡಿತ್ತು. ನಾಚಿಕೆ? ಯಾರ ಮುಂದೆ ಸಾರ್? ಬಟ್ಟೆ? ಮನೇಲೇ ಇರ್ತೀನಲ್ಲ. ಜನ ಸೇರುವ ಕಡೆ? ಹೋಗಲ್ಲ. ಬಂಧುಗಳು? ಅವರು ಬರಲ್ಲ, ನಾನು ಹೋಗಲ್ಲ. ಅವನಿಗೆ ಆವತ್ತು ದವಡೆಯ ಹಲ್ಲು ನೋಯುತ್ತಿತ್ತು, ಐದೂಕಾಲರ ಬಸ್ಸು ತಪ್ಪಿದರೆ ಆರೂವರೆಯ ತನಕ ನಿಲ್ಲಬೇಕಿತ್ತು. ಆಕೆ ಇನ್ನೂ ಬಾಯಿ ತೆರೆಯುವುದರಲ್ಲೇ ಅವನ ಪೆನ್ನು ಇಲ್ಲವೇ ಇಲ್ಲದ ಸಾಲಿನಲ್ಲಿ ಇಳಿಯುತ್ತಾ ಹೋಯಿತು. ಕೊನೆಗೆ ನಿಯಮದಂತೆ ಒಟ್ಟು ಅಂಕ ಓದಿ ಹೇಳಿದ. ಸೊನ್ನೆ. ಹಾಗಂದ್ರೆ ಎಂದಳು ಆಕೆ. ಎದ್ದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ ಅವನು ಹೇಳಿದ್ದ: "ಹಾಗಂದ್ರೆ ಚರ್ಮದಿಂದ ನಿಮಗೆ ಯಾವ ತೊಂದರೆನೂ ಇಲ್ಲ ಅಂತ. ವಾಸಿ ಆದ ಹಾಗೇ ಅಂದ್ಕೊಳ್ಳಿ." ಆಕೆ ಒಂದು ಗಳಿಗೆ ಕೂತಲ್ಲೇ ಕೂತಿದ್ದಳು. ಆಮೇಲೆ, ಸೊನ್ನೆನಾ, ಎಂದು ಮತ್ತೊಮ್ಮೆ ಕೇಳಿ ಹೋದಳು. ಮುಖದಲ್ಲಿ ಬಂದದ್ದು ಸಂತೋಷ ಎಂದು ಅವನಿಗೆ ಬಸ್ಸಿನಲ್ಲಿ ಹೊಳೆಯಿತು, ಮತ್ತು ಆಗಲೇ ತನ್ನ ಉಪಾಯ ತಪ್ಪು ಎಂದೂ ಅನ್ನಿಸಿತು. ಏಕೆಂದರೆ ಸೊನ್ನೆ ಬಂದವರಿಗೆ ಔಷಧ ನಿಲ್ಲುತ್ತಿತ್ತು. ಆರಕ್ಕಿಂತ ಹೆಚ್ಚು ಅಂಕದವರಿಗೆ ಇನ್ನೊಂದು ವರ್ಷ ಮುಲಾಮು, ಕಡಿಮೆಯವರಿಗೆ ನಿಲ್ಲಿಸಿ ನೋಡುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಅಂಗಡಿಯಲ್ಲಿ ಅದು ಎಷ್ಟು ಕೊಟ್ಟರೂ ಸಿಗುವುದಿಲ್ಲ. ನಿಲ್ಲಿಸಿದವರಿಗೆ ಎರಡು ಮೂರು ತಿಂಗಳಲ್ಲಿ ಮೊದಲಿನದಕ್ಕಿಂತ ಜೋರಾಗಿ ಮರಳುತ್ತದೆ ಎಂಬುದು ಬೆಂಚಿನ ಮೇಲೆ ಕಾಯುವವರಿಗೂ ಗೊತ್ತಿದ್ದ ಗುಟ್ಟು.

"ಮೇಷ್ಟ್ರೇ, ಇಲ್ಲಿ ಬನ್ನಿ, ಒಂದು ತಮಾಷೆ ನೋಡಿ," ಎಂದು ಹೊರಗಿನಿಂದ ನರ್ಸಮ್ಮ ಕರೆದಳು. ಖಾಲಿ ಟ್ಯೂಬುಗಳನ್ನು ತೂಗುವುದು ಅವಳ ಕೆಲಸ. ಕೊಟ್ಟ ಮುಲಾಮನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂದು ತಿಳಿಯಲು ರೋಗಿಗಳು ತಂದು ಒಪ್ಪಿಸಿದ ಟ್ಯೂಬುಗಳನ್ನೆಲ್ಲ ಚಿಕ್ಕ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳುತ್ತಿದ್ದಳು. ಹಲವರು ಅರ್ಧ ಹಚ್ಚಿ ಅರ್ಧ ಮರೆತು ತರುವವರು. "ಪೂರ್ತಿ ಖಾಲಿ ಟ್ಯೂಬು ನಾಲ್ಕು ಗ್ರಾಂ. ಇದು ನೋಡಿ, ಮೂರು. ಇದೂ ಮೂರು. ಟ್ಯೂಬಿಗಿಂತ ಕಡಿಮೆ ತೂಗೋ ಟ್ಯೂಬು ನಾನು ಹುಟ್ಟಿದಾಗಿನಿಂದ ನೋಡಿಲ್ಲ." ಟ್ಯೂಬಿನ ಬುಡವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ, ಮಗ್ಗುಲನ್ನು ಸೀಳಿ, ಒಳಗನ್ನು ಪುಸ್ತಕದ ಹಾಗೆ ಬಿಡಿಸಿ ಉಜ್ಜಿ ತೆಗೆದಿದ್ದರು. ಒಳಮೈ ಕನ್ನಡಿಯಷ್ಟು ಹೊಳೆಯುತ್ತಿತ್ತು. "ಯಾರದು?" ಎಂದು ಅವನು ಕೇಳಿದ, ಗೊತ್ತಿದ್ದೇ ಕೇಳಿದ. "ಅರವತ್ತೊಂದು. ನಿಮ್ಮ ಲೈಬ್ರರಿಯಾಕೆ. ಕೊನೇ ಟ್ಯೂಬು ಇವತ್ತು ಮೂರು ಗಂಟೆಗೆ ತಂದು ಕೊಡ್ತಾರಂತೆ. ತುಂಡು ಬಿಸಾಕಿದಾರೆ, ಅದಕ್ಕೇ ತೂಕ ತಪ್ಪಿರೋದು. ನಾನು ಏನಂತ ಬರ್ಕೊಳ್ಳಿ, ಟ್ಯೂಬೂ ಹಚ್ಕೊಂಡ್ರು ಅಂತನಾ?" ಅವಳು ನಕ್ಕಳು. ಅವನಿಗೂ ನಗು ಬಂತು, ಅರ್ಧಕ್ಕೆ ನಿಂತುಬಿಟ್ಟಿತು. ಯಾವ ತೊಂದರೆಯೂ ಇಲ್ಲದವಳು ಟ್ಯೂಬು ಸೀಳಿ ಬೆರಳಿನಿಂದ ಬಳಿಯುತ್ತಾಳೆಯೇ? ಒಬ್ಬಳೇ, ಅಡುಗೆಮನೆಯ ದೀಪದ ಕೆಳಗೆ, ರಟ್ಟು ಕತ್ತರಿಸಿ ಪಳಗಿದ ಕೈಯಲ್ಲಿ.

ಅವನ ಅಕ್ಕ ಬಳಿದುಕೊಳ್ಳುತ್ತಿದ್ದದ್ದು ಬರಿಯ ಕೊಬ್ಬರಿ ಎಣ್ಣೆ. ಆಗ ಈ ಮುಲಾಮುಗಳೆಲ್ಲ ಎಲ್ಲಿದ್ದವು? ಮೊಣಕೈ, ಮೊಣಕಾಲು, ಕಿವಿಯ ಹಿಂದೆ. ಹಾಸಿಗೆ ಕೊಡವಿದರೆ ಬೆಳಗಿನ ಬಿಸಿಲಿನಲ್ಲಿ ಹೊಟ್ಟು ಹಾರುತ್ತಿತ್ತು. ತಾಯಿ ಹೋದಮೇಲೆ ಅವನನ್ನು ಸಾಕಿ ಸಲಹಿದವಳು ಅವಳೇ. ಅವನಿಗೆ ಇಪ್ಪತ್ತಾರಾದಾಗ, ಇದೇ ಆಸ್ಪತ್ರೆಯ ಕೆಲಸ ಖಾಯಂ ಆಗುವುದರಲ್ಲಿದ್ದಾಗ, ಮೇಲಧಿಕಾರಿ ಒಂದು ಭಾನುವಾರ ಚಹಾಕ್ಕೆ ಮನೆಗೆ ಬರುತ್ತೇನೆಂದರು. ಬೆಳಗಿನಿಂದ ಕುರ್ಚಿ ಒರೆಸಿದ, ಪರದೆ ಬದಲಾಯಿಸಿದ. ಅಕ್ಕನಿಗೆ ಒಂದು ಮಾತು ಹೇಳಬೇಕೆಂದು ನಾಲಿಗೆಯ ತುದಿಯ ತನಕ ತಂದು ನುಂಗಿದ, ಮತ್ತೆ ತಂದ. ಬಾಗಿಲು ಬಡಿದ ಸದ್ದಾದಾಗ, ಅಕ್ಕಾ ಒಂದು ನಿಮಿಷ, ಎಂದಿದ್ದನಷ್ಟೇ. ಅವಳು ಆಗಲೇ ಹಿಂದಿನ ಕೋಣೆಯ ಹೊಸ್ತಿಲು ದಾಟುತ್ತಿದ್ದಳು. ಹೇಳ್ಬೇಕಾಗಿಲ್ಲ ಬಿಡೋ, ಹಾಲು ಒಲೆ ಮೇಲಿದೆ, ಉಕ್ಕದ ಹಾಗೆ ನೋಡ್ಕೋ. ಬಾಗಿಲು ಮುಚ್ಚಿತು. ಹಾಲು ಉಕ್ಕಿತು. ಮೇಲಧಿಕಾರಿ ಹೊತ್ತಿದ ವಾಸನೆಗೆ ಮೂಗು ಅರಳಿಸಿ, ಮನೇಲಿ ಹೆಂಗಸರು ಯಾರೂ ಇಲ್ವೇನಯ್ಯಾ ಎಂದು ತಮಾಷೆ ಮಾಡಿದರು, ಮತ್ತು ಅವನು, ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ, ಇಲ್ಲ ಸಾರ್ ಎಂದುಬಿಟ್ಟ. ಹಲಗೆಯ ಗೋಡೆ. ಅವಳಿಗೆ ಕೇಳಿಸಿರಲೇಬೇಕು. ಸಂಜೆ ಬೇಜಾರಾಯ್ತಾ ಎಂದು ಕೇಳಿದ. ಇಲ್ಲ ಎಂದಳು. ಒಲೆಯ ಮೇಲಿನ ಕರಿ ಉಜ್ಜುತ್ತಾ, ತಲೆ ಎತ್ತದೆ, ಇಲ್ಲ ಎಂದಳು. ಅವನು ಅದನ್ನು ನಂಬಿದ, ನಂಬುವುದರಿಂದ ಅನುಕೂಲವಿತ್ತು. ಇಪ್ಪತ್ತು ವರ್ಷ ಅವಳು ಅದೇ ಮನೆಯಲ್ಲಿದ್ದು ತೀರಿಕೊಂಡಳು. ಅವಳ ಮುಂದೆ ಈ ಹಾಳೆ ಹಿಡಿದಿದ್ದರೂ ಗುರುತುಗಳು ಹೀಗೇ ನೇರವಾಗಿ ಇಳಿಯುತ್ತಿದ್ದವೇನೋ.

ಹನ್ನೆರಡಕ್ಕೆ ಅವನು ಹಾಳೆ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದ. ಡಾಕ್ಟರು ಕನ್ನಡಕ ಹಣೆಗೇರಿಸಿ ಹೆಬ್ಬೆರಳಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಹದಿನೆಂಟು ತಿಂಗಳಲ್ಲಿ ಅವರ ಮುಖದಿಂದ ಎಲ್ಲವೂ ಸೋರಿ ಹೋಗಿ ಬರಿಯ ಸೌಜನ್ಯ ಉಳಿದಿತ್ತು. ಅವನು ನಿಂತುಕೊಂಡೇ ಹೇಳಿದ, ಅರವತ್ತೊಂದನೇದು ಸರಿಯಾಗಿ ಕೇಳಿಲ್ಲ ಸಾರ್.

"ಅರವತ್ತೊಂದು. ಒಂಬತ್ತು ಅಂಗೈ ಇನ್ನೂ ಉಳಿದಿದೆ, ಅಂಕ ಸೊನ್ನೆ," ಎಂದರು ಡಾಕ್ಟರು, ನೋಡದೆಯೇ. "ನನಗೂ ಕಣ್ಣಿಗೆ ಬಿದ್ದಿತ್ತು. ಕೆಲವರು ಗಟ್ಟಿ ಮನಸ್ಸಿನವರು ಇರ್ತಾರೆ ಅಂತ ಸುಮ್ನಾದೆ."

"ಮತ್ತೆ ಕೇಳಬಹುದಾ?"

"ಭೇಟಿ ಆಗಿ ಏಳು ದಿನದ ಒಳಗೆ ಕೇಳಬಹುದು. ಇವತ್ತು ಏಳನೇ ದಿನ. ಆದರೆ ಹಳೇದನ್ನ ಹರಿದು ಹಾಕೋ ಹಾಗಿಲ್ಲ. ಅದರ ಮೇಲೆ ಒಂದೇ ಗೆರೆ ಎಳೀಬೇಕು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕ್ಬೇಕು." ಅವರು ಕನ್ನಡಕ ಇಳಿಸಿ ಅವನನ್ನು ಸರಿಯಾಗಿ ನೋಡಿದರು. "ಕಾರಣ ಏನಂತ ಬರೀತೀರಿ?"

ಅವನು ಹಾಳೆಯ ಮೂಲೆಯನ್ನು ಮಡಚಿ ಬಿಡಿಸಿದ.

"ಕೇಳೋವ್ನು ಸರಿಯಾಗಿ ಕೇಳಿಲ್ಲ ಅಂತ ಒಂದು ಕಡೆ ಬರೆದ್ರೆ, ತಪಾಸಣೆಯವರು ಇನ್ನೂರ ಹದಿನಾಲ್ಕನ್ನೂ ಬಿಚ್ಚಿಸ್ತಾರೆ. ಅದರಲ್ಲಿ ಇನ್ನೆಷ್ಟು ಹೀಗಿವೆ ಮೇಷ್ಟ್ರೇ?"

ಮೂವತ್ತು ಎಂದು ಅವನಿಗೆ ಅನ್ನಿಸಿತು. ನಲವತ್ತೂ ಇರಬಹುದು. ಗೊತ್ತಿಲ್ಲ ಸಾರ್ ಎಂದ. ಡಾಕ್ಟರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಗಾಜನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಪೆನ್ನು ಜಾರಿ ತಪ್ಪು ಚೌಕಕ್ಕೆ ಬಿತ್ತು ಅಂತಾನೂ ಬರೀಬಹುದು," ಎಂದರು ಕೊನೆಗೆ, ಬೇರೆ ಯಾರಿಗೋ ಹೇಳುವವರ ಹಾಗೆ. "ಅದಕ್ಕೆ ಯಾರೂ ಏನೂ ಕೇಳಲ್ಲ. ನಾನು ಹಾಗೆ ಬರೀರಿ ಅಂತ ಹೇಳ್ತಾ ಇಲ್ಲ. ಆಕೆ ಬಂದ್ರೆ ಕೇಳಿ. ನಿಮ್ಮ ಕಡೆಯಿಂದ ಉತ್ತರ ಹೇಳಿಕೊಡಬೇಡಿ, ಅಷ್ಟೇ. ಮತ್ತೆ ಸೊನ್ನೆ ಅಂದ್ರೆ ಸೊನ್ನೆ."

ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಐವತ್ತೆರಡು ವರ್ಷ ವಯಸ್ಸಿಗೆ ಹತ್ತು ಪ್ರಶ್ನೆ ಕೇಳಲು ಬಾರದವನು ಎನ್ನಿಸಿಕೊಳ್ಳುವುದು ದೊಡ್ಡ ಅವಮಾನವೇನಲ್ಲ, ಚಿಕ್ಕದೇ. ಆದರೆ ಚಿಕ್ಕವೇ ಅವನಿಗೆ ಹೆಚ್ಚು ನಾಟುತ್ತಿದ್ದವು. ಕಾರಿಡಾರಿನಲ್ಲಿ ಅವನನ್ನು ನೋಡಿ ಮಾತು ನಿಲ್ಲಿಸುವ ಹುಡುಗಿಯರು, ಮೇಷ್ಟ್ರು ಎಂಬ ಹೆಸರಿಗೆ ಬರುವ ಹೊಸ ಅರ್ಥ, ಹೆಂಡತಿಗೆ ಹೇಳಬೇಕಾದ ಎರಡು ವಾಕ್ಯ. ಅವಳು ಏನೂ ಅನ್ನುವುದಿಲ್ಲ; ಹೋಗ್ಲಿ ಬಿಡಿ ಎಂದು ತಟ್ಟೆ ತೆಗೆಯುತ್ತಾಳೆ. ಪೆನ್ನು ಜಾರಿತು ಎಂದು ಬರೆದರೆ ಇದು ಯಾವುದೂ ಇಲ್ಲ. ಒಂದೇ ಹಾಳೆ, ಒಂದೇ ಸುಳ್ಳು, ಆಕೆಗೆ ಔಷಧವೂ ಸಿಗುತ್ತದೆ. ಆದರೆ ಹತ್ತು ಕಡೆ ಜಾರಿದ ಪೆನ್ನು ಎಂಥದು? ಬೇಸರದಿಂದ ಅವನಿಗೆ ಆಕೆಯ ಮೇಲೇ ಸಿಟ್ಟು ಬಂತು. ಬಾಯಿ ಇರಲಿಲ್ಲವೇ ಆಕೆಗೆ? ನನಗೆ ಕಷ್ಟ ಇದೆ ಎಂದು ಒಂದು ಸಲ ಗಟ್ಟಿಯಾಗಿ ಹೇಳಿದ್ದರೆ ಏನಾಗುತ್ತಿತ್ತು? ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಷ್ಟು ಶಕ್ತಿಯೂ ಅವನಲ್ಲಿರಲಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗಲೇ ಆಕೆ ಬಂದಳು. ನರ್ಸಮ್ಮನಿಗೆ ಟ್ಯೂಬು ಒಪ್ಪಿಸಿದಳು. ಅದೂ ಸೀಳಿದ್ದೇ, ಈ ಸಲ ಕತ್ತರಿಸಿದ ತುಂಡನ್ನೂ ಒಂದು ಕಾಗದದಲ್ಲಿ ಮಡಿಸಿ ತಂದಿದ್ದಳು. ಅವನು ಬಾಗಿಲಲ್ಲಿ ನಿಂತು, ಹತ್ತು ನಿಮಿಷ ಕೂರ್ತೀರಾ, ಇನ್ನೊಂದು ಸಲ ಕೇಳಬೇಕಾಗಿದೆ, ನನ್ನಿಂದ ತಪ್ಪಾಗಿದೆ ಎಂದ. ಆಕೆ ಯಾಕೆ ಎಂದು ಕೇಳಲಿಲ್ಲ. ಬಂದು ಅದೇ ಕುರ್ಚಿಯಲ್ಲಿ ಕೂತಳು. ಹೋದ ವಾರಕ್ಕಿಂತ ಈ ವಾರ ಮುಖ ಬಾಡಿತ್ತು, ಅಥವಾ ಹೋದ ವಾರ ಅವನು ಮುಖ ನೋಡಿರಲೇ ಇಲ್ಲ. ತೋಳಿನ ಗುಂಡಿ ಮಣಿಕಟ್ಟಿನಲ್ಲಿ ಬಿಗಿಯಾಗಿ ಹಾಕಿತ್ತು. ಅವನು ಹೊಸ ಹಾಳೆ ತೆಗೆದು ಇವತ್ತಿನ ತಾರೀಕು ಬರೆದ.

"ಕಳೆದ ಒಂದು ವಾರದಲ್ಲಿ ತುರಿಕೆ, ಉರಿ, ನೋವು?"

"ಇಲ್ಲ ಸಾರ್. ಅದು ಇಲ್ಲ."

"ಕಳೆದ ಒಂದು ವಾರದಲ್ಲಿ ಚರ್ಮದಿಂದಾಗಿ ನಿಮಗೆ ಎಷ್ಟು ನಾಚಿಕೆಯಾಯಿತು?"

ಆಕೆ ಉತ್ತರ ಹೇಳಲಿಲ್ಲ. ಅವನು ಕಾದ. ಕಾಯುವುದು ಎಷ್ಟು ಕಷ್ಟ ಎಂದು ಅವನಿಗೆ ಮರೆತೇ ಹೋಗಿತ್ತು; ಪೆನ್ನು ತಾನಾಗಿಯೇ ಬಲಗಡೆಯ ಸಾಲಿನ ಕಡೆಗೆ ವಾಲುತ್ತಿತ್ತು, ಅದನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿಕೊಂಡ. ಹೊರಗೆ ತಕ್ಕಡಿಯ ಬಟ್ಟಲು ಕಿಣಿ ಎಂದಿತು.

"ತಂಗಿ ಮನೆಗೆ ಹೋಗಿದ್ದೆ ಸಾರ್, ಭಾನುವಾರ," ಎಂದಳು ಆಕೆ. "ಏಳು ವರ್ಷ ಆಗಿತ್ತು ಹೋಗಿ. ನೀವು ಸೊನ್ನೆ ಅಂದ್ರಲ್ಲ, ಅದಕ್ಕೇ ಹೋದೆ. ಫೋನಿನಲ್ಲೇ ಹೇಳ್ದೆ ಅವಳಿಗೆ, ಆಸ್ಪತ್ರೇಲಿ ಪರೀಕ್ಷೆ ಮಾಡಿ ಸೊನ್ನೆ ಅಂದಿದಾರೆ ಕಣೇ ಅಂತ. ಅವಳು ಅತ್ತುಬಿಟ್ಲು ಫೋನಿನಲ್ಲಿ. ಬಾ ಅಕ್ಕಾ ಬಾ ಅಂತ. ಸೆಖೆ ಇತ್ತು, ತೋಳು ಮಡಚಿಕೊಂಡೇ ಹೋದೆ. ಸೊನ್ನೆ ಅಲ್ವಾ."

ಅವನಿಗೆ ಏನಾದರೂ ಹೇಳಬೇಕೆನ್ನಿಸಿತು. ಹೇಳಿಕೊಡಬೇಡಿ ಎಂದಿದ್ದರು ಡಾಕ್ಟರು.

"ಎಲ್ಲರೂ ತುಂಬಾ ಚೆನ್ನಾಗಿ ನೋಡ್ಕೊಂಡ್ರು ಸಾರ್, ಅದರಲ್ಲಿ ಎರಡು ಮಾತಿಲ್ಲ. ತಂಗಿಗೆ ಮೊಮ್ಮಗು ಇದೆ, ಒಂದೂವರೆ ವರ್ಷದ್ದು. ನಾನು ಹೋದಾಗ ಅದಕ್ಕೆ ಆಗಷ್ಟೇ ಸ್ನಾನ ಆಗಿತ್ತು, ತಲೆ ಇನ್ನೂ ಒದ್ದೆ. ಸೀದಾ ಬಂದು ತೊಡೆ ಮೇಲೆ ಕೂತ್ಕೊಂಡ್ತು. ನನ್ನ ಕೈ ಹಿಡ್ಕೊಂಡು ಈ ಕಲೆ ಮೇಲೆಲ್ಲ ಬೆರಳು ಇಟ್ಟು ಇಟ್ಟು ನೋಡ್ತು. ಯಾರೂ ಬೇಡ ಅನ್ಲಿಲ್ಲ. ಅದರ ಅಮ್ಮ, ನನ್ನ ತಂಗಿ ಸೊಸೆ, ಒಳ್ಳೇ ಹುಡುಗಿ, ಅಲ್ಲೇ ನಿಂತು ನಗ್ತಾನೇ ಇದ್ಲು. ಊಟ ಆಯ್ತು. ಆಮೇಲೆ ಬಾ ಪುಟ್ಟಾ ಅಂತ ಎತ್ತಿಕೊಂಡು ಹೋದ್ಲು. ಒಳಗೆ ನೀರು ಬಿಟ್ಟ ಸದ್ದು ಕೇಳಿಸ್ತು." ಆಕೆ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರಿದಳು, ರಟ್ಟಿನ ಮೂಲೆ ಕೂತಿದೆಯೇ ಎಂದು ನೋಡುವ ಹಾಗೆ. "ಮಧ್ಯಾಹ್ನ ಎರಡು ಗಂಟೆಗೆ ಯಾವ ಮಗುಗೆ ಎರಡನೇ ಸಲ ಸ್ನಾನ ಮಾಡಿಸ್ತಾರೆ ಸಾರ್?"

ಅವನು ಕಟ್ಟಿಕೊಂಡಿದ್ದ ಕೈಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಮಗು ಅಳ್ತಾ ಇತ್ತು, ನಿದ್ದೆ ಹೊತ್ತು ಪಾಪ. ತುಂಬಾ ಹೊತ್ತು ಉಜ್ಜಿದ್ರು. ನನ್ನ ತಂಗಿ ಜೋರಾಗಿ ಮಾತಾಡೋಕೆ ಶುರು ಮಾಡಿದ್ಲು, ನೀರಿನ ಸದ್ದು ಕೇಳದೇ ಇರ್ಲಿ ಅಂತ. ನಾನೂ ಜೋರಾಗಿ ಮಾತಾಡ್ದೆ. ಇಬ್ರೂ ಕೂಗಾಡ್ತಾ ಇದ್ವಿ, ಕಿವುಡರ ಹಾಗೆ."

ತಾನೇ ಕಳಿಸಿದ್ದು ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಐದೂಕಾಲರ ಬಸ್ಸಿಗೆ ಓಡುತ್ತಾ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, ಆಕೆಯ ತೋಳನ್ನು ಮಡಚಿ, ಆ ಮಗುವಿನ ಕೈಗೆ ಕೊಟ್ಟು ಕಳಿಸಿದವನು ತಾನೇ. ಆಕೆ ಏಳು ವರ್ಷ ತಂಗಿಯ ಮನೆಗೂ ಹೋಗದೆ ಯಾವುದನ್ನು ತಪ್ಪಿಸಿಕೊಂಡಿದ್ದಳೋ ಅದರ ಮುಂದಕ್ಕೆ ಒಂದು ಸೊನ್ನೆಯಿಂದ ತಳ್ಳಿದ್ದ. ನಾಚಿಕೆಯಾಯಿತು. ಅವನಿಗೆ, ಬೇರೆ ಯಾರಿಗೂ ಅಲ್ಲ, ಅವನಿಗೇ, ತುಂಬಾ ಹೆಚ್ಚು ನಾಚಿಕೆಯಾಯಿತು.

"ಏನು ಬರೀಲಿ?" ಎಂದು ಕೇಳಿದ.

"ನೀವೇ ಬರ್ಕೊಳ್ಳಿ ಸಾರ್. ನಿಮಗೆ ಗೊತ್ತಾಯ್ತಲ್ಲ."

"ನಾನು ಬರೀಬಾರ್ದು. ಹೋದ ಸಲ ನಾನೇ ಬರ್ಕೊಂಡದ್ದು. ನೀವು ಹೇಳ್ಬೇಕು."

ಆಕೆ ಕಿಟಕಿಯ ಕಡೆ ನೋಡಿದಳು. "ತುಂಬಾ ಹೆಚ್ಚು," ಎಂದಳು, ಕ್ಯೂನಲ್ಲಿ ನಿಂತು ವಿಳಾಸ ಹೇಳುವ ಹಾಗೆ.

ಉಳಿದವನ್ನು ಒಂದೊಂದಾಗಿ ಕೇಳಿದ. ಬಟ್ಟೆಗೆ ತುಂಬಾ ಹೆಚ್ಚು. ತಂಗಿಯ ಮನೆಯಿಂದ ಬರುವಾಗ ಬಸ್ಸಿನಲ್ಲಿ ತೋಳು ಇಳಿಸಿ ಗುಂಡಿ ಹಾಕಿಕೊಂಡಿದ್ದಳು, ಇನ್ನೂ ಮಡಚಿಲ್ಲ. ಅಂಗಡಿಗೆ ಹೋಗಿಬರುವುದಕ್ಕೆ ಹೆಚ್ಚು, ಜನ ಸೇರುವ ಕಡೆಗೆ ಹೆಚ್ಚು, ಬಂಧುಗಳ ವಿಷಯಕ್ಕೆ ಬಂದಾಗ ಅವರು ತೊಂದರೆ ಕೊಟ್ಟಿಲ್ಲ ಅಂತ ಬರೀಬಹುದಾ ಎಂದಳು. ಬರೀಬಹುದು, ಆದರೆ ನಿಮಗೆ ಆಯಿತೇ ಎಂಬುದು ಪ್ರಶ್ನೆ ಎಂದ. ಆಯಿತು, ತುಂಬಾ ಹೆಚ್ಚು. ಆಟ, ಕೆಲಸ, ಒಂಬತ್ತನೆಯದು, ಈ ಮೂರೇ ಅನ್ವಯಿಸುವುದಿಲ್ಲ. ಒಂಬತ್ತನೆಯದನ್ನು ಅವನು ಆಕೆಯ ಕಡೆ ಮುಖ ಮಾಡಿಯೇ ಕೇಳಿದ. ಮುಲಾಮು ಹಚ್ಚುವುದರಿಂದ ತೊಂದರೆ? ಇಲ್ಲವೇ ಇಲ್ಲ. ಗುರುತುಗಳು ಅಂಕುಡೊಂಕಾಗಿ ಇಳಿದಿದ್ದವು. ಕೂಡಿದ. ಹದಿಮೂರು. ನಿಯಮ ಇತ್ತಲ್ಲ, ಓದಿ ಹೇಳಿದ.

"ಹದಿಮೂರು ಅಂದ್ರೆ ಔಷಧ ಸಿಗುತ್ತೆ," ಎಂದಳು ಆಕೆ. ಪ್ರಶ್ನೆಯಲ್ಲ.

"ನಿಮಗೆ ಗೊತ್ತಿತ್ತಾ? ಆರಕ್ಕಿಂತ ಕಡಿಮೆ ಆದ್ರೆ ನಿಲ್ಲುತ್ತೆ ಅಂತ?"

"ಬೆಂಚಿನ ಮೇಲೆ ಎಲ್ಲರಿಗೂ ಗೊತ್ತು ಸಾರ್."

"ಮತ್ತೆ ಹೋದ ವಾರ ಯಾಕೆ ಎಲ್ಲಕ್ಕೂ ಇಲ್ಲ ಅಂದ್ರಿ?"

"ನೀವು ಕೇಳಿದ್ದು ಆ ಒಂದು ವಾರದ್ದು ತಾನೇ? ಆ ವಾರ ನಾನು ಮನೆಯಿಂದ ಹೊರಗೇ ಬಂದಿರ್ಲಿಲ್ಲ. ಯಾರನ್ನೂ ನೋಡಿರ್ಲಿಲ್ಲ. ಸುಳ್ಳು ಹೇಳೋಕಾಗುತ್ತಾ?"

ಅವನು ಹಳೆಯ ಹಾಳೆಯನ್ನು ಎದುರಿಗೆ ಎಳೆದುಕೊಂಡು ಮೂಲೆಯಿಂದ ಮೂಲೆಗೆ ಒಂದೇ ಗೆರೆ ಎಳೆದ. ಪಕ್ಕದ ಖಾಲಿ ಜಾಗದಲ್ಲಿ, ಕಾರಣ ಎಂಬಲ್ಲಿ, ಪೆನ್ನು ಸ್ವಲ್ಪ ಹೊತ್ತು ನಿಂತಿತು. 'ಕೇಳುವವನು ಕೇಳಲಿಲ್ಲ. ಬೇರೆ ಹಾಳೆಗಳಲ್ಲೂ ಹೀಗಾಗಿರಬಹುದು' ಎಂದು ಬರೆದು ಸಹಿ ಹಾಕಿದ. ಅಕ್ಷರ ಚೆನ್ನಾಗಿ ಬರಲಿಲ್ಲ. ಇನ್ನು ಪೆಟ್ಟಿಗೆ ನಾಲ್ಕು ಗಂಟೆಗೆ ಹೋಗುವುದಿಲ್ಲ, ಡಾಕ್ಟರು ಕನ್ನಡಕ ಹಣೆಗೇರಿಸಿ ಸುಮ್ಮನೆ ಕೂರುತ್ತಾರೆ, ಮುಂದಿನದು ತಪಾಸಣೆಯವರ ಕೈಯಲ್ಲಿ. ಹಗುರವೇನೂ ಅನ್ನಿಸಲಿಲ್ಲ, ದಣಿವೇ ಇನ್ನಷ್ಟಾಯಿತು. ಔಷಧದ ಚೀಟಿ ಬರೆದು ಆಕೆಯ ಮುಂದಿಟ್ಟ. ಮೇಜಿನ ಮೇಲೆ ಇಡುತ್ತಿದ್ದಂತೆಯೇ ಏನೋ ತೋಚಿ, ಮತ್ತೆ ಎತ್ತಿ ಕೈಗೆ ಕೊಟ್ಟ. ಆಕೆ ಅದನ್ನು ಗಮನಿಸಿದಳೋ ಇಲ್ಲವೋ, ಚೀಟಿಯನ್ನು ಎರಡು ಮಡಿಕೆ ಮಾಡಿ, ಉಗುರಿನಿಂದ ಮಡಿಕೆ ತೀಡಿ, ಪರ್ಸಿನೊಳಗಿಟ್ಟಳು.

"ಕ್ಷಮಿಸಬೇಕು," ಎಂದ ಅವನು.

"ನಿಮ್ಮದೇನಿದೆ ಸಾರ್ ಇದರಲ್ಲಿ. ನೀವು ಒಳ್ಳೇ ಸುದ್ದಿ ಅಂತ ಹೇಳಿದ್ರಿ." ಆಕೆ ಎದ್ದು ಬಾಗಿಲ ತನಕ ಹೋಗಿ ನಿಂತಳು. ಚಿಲಕದ ಮೇಲೆ ಕೈಯಿಟ್ಟುಕೊಂಡು, ಹಿಂದಿರುಗಿ ನೋಡದೆ, ಮೆಲ್ಲಗೆ ಹೇಳಿದಳು: "ಮುಂದಿನ ವರ್ಷ ಸೊನ್ನೆ ಬಂದ್ರೆ, ದಯವಿಟ್ಟು ನನಗೆ ಹೇಳ್ಬೇಡಿ."